ನೂರ ನಲವತ್ತೇಳನೆಯ ಬಿಲ್ಲೆ

ಮೂರು ವರ್ಷದ ಒಪ್ಪಂದ. ನನ್ನ ಹುದ್ದೆಯ ಹೆಸರು
ಜ್ಞಾನ ನಿರ್ವಹಣೆ. ಹಾಗೆಂದಾಗ ಗ್ಲೆನಿಸ್ ಮೇಚಿನ್
ಕೈಯ ಬಿಳಿ ಕೆಸರನ್ನು ಏಪ್ರನ್ನಿಗೆ ಒರೆಸುತ್ತ ಕೇಳಿದ್ದಳು:
"ಅದು ಮೇವು ಏನು ತಿನ್ನುತ್ತೆ?"

ಸ್ಟೋಕ್ ಊರಲ್ಲಿ ಈಗ ಹೊಗೆಯಿಲ್ಲ.
ಸೀಸೆಯಂತೆ ಹೊಟ್ಟೆ ಉಬ್ಬಿಸಿ ನಿಂತ ಇಟ್ಟಿಗೆ ಗೂಡುಗಳ
ಕೊರಳಲ್ಲಿ ಗಿಡ ಎದ್ದಿದೆ, ಪಾರಿವಾಳದ ಬಾಣಂತನ ನಡೆದಿದೆ.
ನಮ್ಮ ಕುಲುಮೆ ವಿದ್ಯುತ್ತಿನದು, ಫ್ರಿಜ್ಜಿನಷ್ಟು ಎತ್ತರ,
ಹಸಿರು ಅಂಕಿಗಳಲ್ಲಿ ಮಾತಾಡುತ್ತದೆ.

ಒಡೆದ ಕಿಟಕಿಗಾಜನ್ನು ಹಿಟ್ಟು ಮಾಡಿ
ಟೈಲಿನ ಮೆರುಗಿಗೆ ಬೆರೆಸಬೇಕು.
ಕಡಿಮೆ ಬೆಂಕಿಯಲ್ಲಿ ಬೇಯಬೇಕು, ಗ್ಯಾಸಿನ ಬಿಲ್ಲು ಇಳಿಯಬೇಕು.
ಟಾಮ್ಸ್‌ವೆಲ್ ಟೈಲ್ಸಿಗೆ ಲಾಭ, ವಿಶ್ವವಿದ್ಯಾಲಯಕ್ಕೆ ಪ್ರಬಂಧ,
ಮಂತ್ರಿಗೆ ಒಂದು ಫೋಟೊ.

ಸುಟ್ಟೆವು. ಸೂಜಿಮೊನೆಯಷ್ಟು ತೂತು.
ಬೋರಾನ್ ಹೆಚ್ಚಿಸಿ ಸುಟ್ಟೆವು. ತೂತು.
ಸುಣ್ಣ ಇಳಿಸಿ, ನಿಧಾನಕ್ಕೆ ಕಾಯಿಸಿ, ಭಾನುವಾರವೂ ಬಂದು ಸುಟ್ಟೆವು.
ಇನ್ನೂರ ಹನ್ನೊಂದು ಬಿಲ್ಲೆ, ಅಂಗೈಯಗಲ ಒಂದೊಂದೂ,
ಬೆನ್ನಿಗೆ ಕಪ್ಪು ಮಸಿಯ ನಂಬರು,
ಮುಖದ ತುಂಬ ಸಿಡುಬಿನ ಕಲೆ.

ಗ್ಲೆನಿಸ್ ಒಂದನ್ನು ಬೆಳಕಿಗೆ ಹಿಡಿದಳು,
ಮೂವತ್ತೆಂಟು ವರ್ಷ ಮೆರುಗಿನಲ್ಲಿ ಅದ್ದಿದ ಕೈ.
"ಮಣ್ಣಿನ್ನೂ ಒಳಗಿನ ಉಸಿರು ಬಿಟ್ಟು ಮುಗಿಸಿಲ್ಲ.
ನಿಮ್ಮ ಗಾಜಿಗೆ ಅವಸರ, ಮೊದಲೇ ಬಾಯಿ ಮುಚ್ಚಿಸುತ್ತೆ.
ಮುಚ್ಚಿಸಿದರೆ ಉಸಿರು ನಿಲ್ಲುತ್ತಾ? ಕೊರೆದುಕೊಂಡು ಬರುತ್ತೆ."
ಹಾಗೇ ಬರೆದುಕೊಂಡೆ.
ನಮೂನೆಯಲ್ಲಿ ಮೂಲ ಎಂಬ ಅಂಕಣ ಸಣ್ಣದು,
ಅವಳ ಹೆಸರು ಹಿಡಿಸಲಿಲ್ಲ.
'ಮೌಖಿಕ' ಎಂದು ಹಾಕಿದೆ.

ಕೊನೆಯ ಸಭೆಗೆ ಓಟ್‌ಕೇಕು ಬಂತು,
ಚೀಸ್ ತುಂಬಿ ಮಡಿಸಿದ್ದು, ದೋಸೆಯ ದೂರದ ನೆಂಟ.
ಅದರ ಮೈಯಲ್ಲಿ ತೂತೆದ್ದರೆ ಹದ,
ನಮ್ಮದರಲ್ಲಿ ಎದ್ದರೆ ಸೋಲು.
ಪ್ರೊಫೆಸರ್ ಬಾಯೊರೆಸಿಕೊಂಡರು: ಸೋತದ್ದನ್ನು ಯಾವ ಪತ್ರಿಕೆ ಅಚ್ಚು ಹಾಕುತ್ತೆ?
ಕಂಪನಿಯ ವಕೀಲರು: ಸೋತದ್ದೂ ನಮ್ಮ ಸ್ವತ್ತೇ.
ಇನ್ನೊಬ್ಬರು ಅದೇ ಹಳ್ಳಕ್ಕೆ ಬೀಳಲಿ ಬಿಡಿ,
ಏಳು ವರ್ಷ ಯಾರೂ ಉಸಿರೆತ್ತಬೇಡಿ.
ಹದಿನಾಲ್ಕನೆಯ ಕಲಮು. ನಾನೂ ಸಹಿ ಹಾಕಿದೆ.

ಶುಕ್ರವಾರ ಸಂಜೆ ಐದಕ್ಕೆ
ಎಲ್ಲರೂ ಹಂಚಿಕೊಂಡಿದ್ದ ಫೋಲ್ಡರು ಬೂದುಬಣ್ಣಕ್ಕೆ ತಿರುಗಿ
ನಿಮಗೆ ಅನುಮತಿ ಇಲ್ಲ ಎಂದಿತು.
ಕುಂಬಾರನಿಗೆ ವರುಷ (ನಮಗೆ ಮೂರು),
ದೊಣ್ಣೆಗೆ ನಿಮಿಷವೂ ಬೇಕಾಗಲಿಲ್ಲ.

ಬಿಲ್ಲೆಗಳನ್ನು ಮಾತ್ರ ಯಾರೂ ಕೇಳಲಿಲ್ಲ.
ಪಟ್ಟಿಯಲ್ಲಿ ಅವು ಕಸ.
ಅರ್ಧ ಗ್ಲೆನಿಸ್ ಒಯ್ದಳು, ಕೋಳಿಗೂಡಿಗೆ ಹಾಸಲು.
ಉಳಿದವು ನನ್ನ ಕಿಟಕಿಯ ಕಟ್ಟೆಯ ಮೇಲೆ
ಧೂಳು ಕುಡಿಯುತ್ತ ಕೂತವು.

ಈ ಮಾರ್ಚಿನಲ್ಲಿ ಬಂದಳು ರೋವೆನಾ ಟನಿಕ್ಲಿಫ್.
ಬೇರೆ ಕಂಪನಿ, ಹೊಸ ಒಪ್ಪಂದ,
ಅದೇ ಒಡೆದ ಗಾಜು.
ಹಾಳೆ ತೆರೆದು, ಪೆನ್ನಿನ ಮುಚ್ಚಳ ಕಚ್ಚಿ ಕೇಳಿದಳು:
"ಇದನ್ನ ಇಲ್ಲಿ ಮೊದಲು ಯಾರಾದರೂ ಮಾಡಿ ನೋಡಿದ್ದಾರಾ?"

ಹೇಳಿದರೆ ಕಲಮು ಮುರಿಯುತ್ತದೆ.
ಹೇಳದಿದ್ದರೆ ಇನ್ನೂರ ಹನ್ನೊಂದು ಸಲ
ಮತ್ತೆ ಮಣ್ಣು ಸುಡುತ್ತದೆ, ಮತ್ತೆ ಭಾನುವಾರ.
ನಾಲಿಗೆಯ ತುದಿಗೆ ಬಂದದ್ದು
ಅಲ್ಲೇ ಗುಳ್ಳೆಯಾಯಿತು.

ಚಹಾ ಮಾಡಿದೆ.
ಮೇಜಿಗೆ ಕಲೆ ಕೂರದಿರಲೆಂದು
ಅವಳ ಲೋಟದಡಿ ಒಂದು ಬಿಲ್ಲೆ ಇಟ್ಟೆ,
ನೂರ ನಲವತ್ತೇಳನೆಯದು,
ಎಲ್ಲಕ್ಕಿಂತ ಚೆನ್ನಾಗಿ ಸೋತದ್ದು.

ಲೋಟ ಎತ್ತಿದಳು. ಕುಡಿಯಲಿಲ್ಲ.
ಹೆಬ್ಬೆರಳು ತೂತಿನಿಂದ ತೂತಿಗೆ ನಡೆಯಿತು,
ಕಣ್ಣಿಲ್ಲದವರು ಓದುವ ಹಾಗೆ.
ಮಗುಚಿ ಬೆನ್ನು ನೋಡಿದಳು.
"ಎಷ್ಟು ಡಿಗ್ರಿ?"

"ಸಕ್ಕರೆ ಎಷ್ಟು ಚಮಚ?" ಎಂದೆ.

ಅವಳು ಹೋದ ಮೇಲೆ ತೊಳೆಯಲು ಬಂದಾಗ ಕಂಡೆ:
ಲೋಟ ಬರಿಯ ಮೇಜಿನ ಮೇಲೆ.
ಸುತ್ತ ಒಂದು ಒದ್ದೆ ಬಳೆ.